ಕಿಲುಬು ಹತ್ತಿದ ಕಾಚಂಪುಳಿ

ಜೂನ್ ಎರಡನೆಯ ವಾರ ಬಂತೆಂದರೆ ನಮ್ಮ ಅಡುಗೆಮನೆಯಲ್ಲಿ ಉಪ್ಪು ಬೆವರಲು ಶುರುವಾಗುತ್ತದೆ. ಮೊದಲು ಮುಚ್ಚಳದ ಒಳಗೆ ಹನಿಗಟ್ಟುತ್ತದೆ, ಆಮೇಲೆ ಚಮಚ ಅಂಟಿಕೊಳ್ಳುತ್ತದೆ, ಜುಲೈ ಹೊತ್ತಿಗೆ ಡಬ್ಬಿಯ ತಳದಲ್ಲಿ ಬೆರಳು ಮುಳುಗುವಷ್ಟು ನೀರು. ನಾಲ್ಕು ಕಾಳು ಅಕ್ಕಿ ಹಾಕಿ ನೋಡಿದ್ದೇನೆ. ಆ ಅಕ್ಕಿಯೂ ನೆನೆದು ಉಬ್ಬಿತ್ತು. ಕೊನೆಗೆ ಡಬ್ಬಿಯನ್ನು ಒಲೆಯ ದಂಡೆಗೆ ಒಯ್ದು ಇಡುವುದೊಂದೇ ದಾರಿ. ಮಡಿಕೇರಿಯ ಸುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ವಿರಾಜಪೇಟೆಯ ಕಡೆ ಅಷ್ಟಿಲ್ಲದಿದ್ದರೂ, ಒಗೆದ ಬಟ್ಟೆಯನ್ನು ಹೊಗೆಯ ಮೇಲೆ ಹರವಿ ಒಣಗಿಸುವವರಿಗೆ ಎರಡೂ ಒಂದೇ.

ಉಪ್ಪು ಸಪ್ಪಗಾಗುವ ಮಾತು ಬೈಬಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಬರುತ್ತದೆ. ಚಿಕ್ಕವಳಿದ್ದಾಗ ನನಗೆ ಅದು ಒಗಟು. ಉಪ್ಪು ಕರಗಬಹುದು, ಗಟ್ಟಿಯಾಗಬಹುದು, ಸಪ್ಪಗಾಗುವುದು ಹೇಗೆ? ಗುರುಗಳ ಉಪದೇಶದಲ್ಲಿ, ಅಂದರೆ ಪ್ರಬೋಧನೆಯಲ್ಲಿ, ಯಾರೂ ಬಿಡಿಸಿ ಹೇಳಲಿಲ್ಲ. ಎಲ್ಲರೂ ನೇರವಾಗಿ ‘ನೀವು ಉಪ್ಪಿನಂತಿರಬೇಕು’ ಎಂಬಲ್ಲಿಗೆ ಜಿಗಿಯುತ್ತಿದ್ದರು. ಉತ್ತರ ಸಿಕ್ಕಿದ್ದು ಅತ್ತೆಯ ಮನೆಯ ಹಳೆಯ ಮರದ ಉಪ್ಪಿನ ಮರಿಗೆಯಲ್ಲಿ. ಆ ಕಾಲದ ಕಲ್ಲುಪ್ಪಿನಲ್ಲಿ ಮಣ್ಣು, ಕಸ, ಬೇರೆ ಲವಣ ಎಲ್ಲ ಬೆರೆತಿರುತ್ತಿತ್ತು. ಯೇಸುವಿನ ಕಾಲದ ಯೂದಾಯ ನಾಡಿನ ಜನ ಮೃತ ಸಮುದ್ರದ ದಂಡೆಯಿಂದ ತರುತ್ತಿದ್ದ ಉಪ್ಪೂ ಅಂಥದ್ದೇ. ತೇವ ತಾಗಿದಾಗ ನಿಜವಾದ ಉಪ್ಪು ಮೊದಲು ಕರಗಿ ಸೋರಿಹೋಗುತ್ತದೆ. ಉಳಿಯುವುದು ಉಪ್ಪಿನ ಬಣ್ಣದ, ಉಪ್ಪಿನ ಆಕಾರದ, ರುಚಿಯಿಲ್ಲದ ಹರಳು. ನೋಡುವವರಿಗೆ ಮರಿಗೆ ತುಂಬಿಯೇ ಇರುತ್ತದೆ. ಸಾರಿಗೆ ಹಾಕಿದವರಿಗೆ ಮಾತ್ರ ಗೊತ್ತು.

ಇಷ್ಟು ಹೇಳಿದೆನೆಂದು, ಅಡುಗೆಮನೆಯಲ್ಲಿ ಆದ ಪ್ರತಿಯೊಂದು ಅವಾಂತರಕ್ಕೂ ನಾನು ಬೈಬಲಿನ ವಚನ ಅಂಟಿಸುವವಳೆಂದು ತಿಳಿಯಬೇಡಿ. ಮೊಬೈಲಿಗೆ ಬೆಳಗಾಗುವ ಮುನ್ನ ಬಂದು ಬೀಳುವ ಅಂಥ ಸಂದೇಶಗಳನ್ನು ಕಂಡರೆ ನನಗೆ ಮೈಯುರಿ. ಹಾಲು ಉಕ್ಕಿದರೆ ಹಾಲು ಉಕ್ಕಿತು, ಅಷ್ಟೆ. ಮಳೆಗಾಲದ ಚಳಿಗೆ ಇಡ್ಲಿ ಹಿಟ್ಟು ಹುಳಿ ಬರದಿದ್ದರೆ ದೋಸೆ ಹುಯ್ದುಕೊಂಡು ತಿನ್ನಬೇಕು; ಅದರಲ್ಲಿ ಪರಲೋಕ ರಾಜ್ಯದ ಹುಳಿಹಿಟ್ಟನ್ನು ಹುಡುಕುತ್ತಾ ಕೂತರೆ ಮಕ್ಕಳು ಹಸಿದುಕೊಂಡು ಶಾಲೆಗೆ ಹೋಗುತ್ತಾರೆ. ನಾನು ಬರೆಯಹೊರಟಿರುವುದು ಒಂದೇ ಒಂದು ತಪ್ಪಿನ ಬಗ್ಗೆ. ಅದು ಪಾತ್ರೆಯಲ್ಲಿ ಶುರುವಾಗಿ ಪಾತ್ರೆಯಲ್ಲಿ ಮುಗಿಯಲಿಲ್ಲ, ಅದಕ್ಕೆ.

ನಮ್ಮ ಮನೆ ಇರುವುದು ವಿರಾಜಪೇಟೆಗೆ ಸ್ವಲ್ಪ ದೂರದಲ್ಲಿ. ಚಿಕ್ಕ ತೋಟ, ರೋಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು, ಹಿತ್ತಲಲ್ಲಿ ಅಡುಗೆಯ ಹುಳಿಗೆ ಎರಡು ಕಾಚಂಪುಳಿ ಮರ. ಕೊಂಕಣಿ ಕ್ರೈಸ್ತರು ಕೊಡಗಿನಲ್ಲಿ ಹೇಗೆ ಎಂದು ಕೇಳುವವರು ಈಗಲೂ ಸಿಗುತ್ತಾರೆ. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಒಡೆಯರು ತಮ್ಮ ಹೊಸ ಪೇಟೆಯಲ್ಲಿ ನೆಲೆ ಕೊಟ್ಟರು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ಹೆಸರಿನ ದೇವಾಲಯವಾಯಿತು. ಪೇಟೆಗೆ ರಾಜರ ಹೆಸರು, ಗುಡಿಗೆ ಯೇಸುವಿನ ಅಜ್ಜಿಯ ಹೆಸರು. ಗೃಹಿಣಿಯರಿಗೆ ಪಾಲಕಿ ಎಂದು ಸಭೆ ಗುರುತಿಸುವ ಸಂತರಲ್ಲಿ ಆಕೆಯೂ ಒಬ್ಬಳು ಎಂಬುದು ನನಗೆ ಮದುವೆಯಾಗಿ ಬಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಕರಾವಳಿಯಲ್ಲಿ ಹಂದಿಮಾಂಸಕ್ಕೆ ಸುರೆಯ ಹುಳಿ ಹಾಕುತ್ತಿದ್ದ ಜನ ಇಲ್ಲಿಗೆ ಬಂದ ಮೇಲೆ ಕೊಡವರ ಮನೆಗಳಿಂದ ಕಾಚಂಪುಳಿ ಕಲಿತರು. ಈಗ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಡುಗೆ ಅದಿಲ್ಲದೆ ಆಗುವುದಿಲ್ಲ. ಪುನರ್ಪುಳಿಯ ಕುಲಕ್ಕೇ ಸೇರಿದ ಮರ ಅದು. ಹಣ್ಣು ಹಳದಿ, ಮೈಮೇಲೆ ಸಣ್ಣ ಕುಂಬಳಕಾಯಿಗಿರುವಂಥ ಗೀರು. ಮಳೆಗಾಲದಲ್ಲಿ ಉದುರುತ್ತದೆ. ಹೆಕ್ಕಿ ತಂದು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೊಂದು ಪಾತ್ರೆ ಇಟ್ಟರೆ ಹಣ್ಣು ಕೊಳೆಯುತ್ತಾ ಹನಿಹನಿಯಾಗಿ ರಸ ಇಳಿಸುತ್ತದೆ. ಆ ರಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಬತ್ತಿಸಬೇಕು. ನೀರಿನಂತಿದ್ದದ್ದು ಚಹಾದ ಬಣ್ಣಕ್ಕೆ, ಆಮೇಲೆ ಬೆಲ್ಲದ ಪಾಕದ ಬಣ್ಣಕ್ಕೆ, ಕೊನೆಗೆ ಕಪ್ಪಗೆ ತಿರುಗಿ ಸೌಟಿನಿಂದ ಎಳೆಯಾಗಿ ಬೀಳುತ್ತದೆ. ಬುಟ್ಟಿಗಟ್ಟಲೆ ಹಣ್ಣಿಗೆ ಸಿಗುವುದು ಬಾಟಲಿ ಲೆಕ್ಕ. ಆದರೆ ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯದಾದಷ್ಟೂ ಅದಕ್ಕೆ ಗತ್ತು ಹೆಚ್ಚು, ಕೆಲವು ಮಾವಂದಿರ ಹಾಗೆ.

ಅತ್ತೆ ಹೇಳಿಕೊಟ್ಟ ನಿಯಮ ಒಂದೇ: ಹುಳಿಗೆ ಮಣ್ಣಿನ ಪಾತ್ರೆ, ಇಲ್ಲವೇ ಗಾಜು. ಹಿತ್ತಾಳೆಯಾದರೆ ಒಳಗೆ ಕಲಾಯಿ ಇರಬೇಕು.

ಆ ವರ್ಷದ ಜುಲೈ ಮೂರನೆಯ ವಾರ ಮಣ್ಣಿನ ಮಡಕೆ ಕೈಕೊಟ್ಟಿತು. ಅರ್ಧ ಬತ್ತಿದ ರಸ ಒಳಗಿರುವಾಗಲೇ ತಳದಲ್ಲಿ ಸೀಳು ಬಿಟ್ಟು ಒಲೆಗೆ ತೊಟ್ಟಿಕ್ಕತೊಡಗಿತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಅತ್ತೆ ಜ್ವರದಿಂದ ಒಳಗೆ ಮಲಗಿದ್ದರು. ಏಣಿ ಇಟ್ಟು ಅಟ್ಟಕ್ಕೆ ಹತ್ತಿದೆ. ಮೊದಲು ಕೈಗೆ ಸಿಕ್ಕಿದ್ದು ಹಳೆಯ ಹಿತ್ತಾಳೆ ಪಾತ್ರೆ. ಕೆಳಗೆ ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಕೆಲಸಕ್ಕೆ ಬರುವ ಹೆಂಗಸು ಏಣಿ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಕೈಗೆ ತೆಗೆದುಕೊಂಡು ಒಳಗೆ ಬೆರಳಾಡಿಸಿ, “ಅಕ್ಕಾ, ಇದಕ್ಕೆ ಕಲಾಯಿ ಹೋಗಿದೆಯಲ್ಲ” ಎಂದಳು.

“ಒಂದು ಹೊತ್ತಿಗೆ ಏನಾಗುತ್ತದೆ? ತಣಿದ ಮೇಲೆ ಬಾಟಲಿಗೆ ಹಾಕಿದರಾಯಿತು” ಎಂದೆ ನಾನು.

ಆ ಒಂದು ಹೊತ್ತು ಎರಡೂವರೆ ದಿನವಾಯಿತು. ಅದೇ ಸಂಜೆ ಗೋಣಿಕೊಪ್ಪದ ಸಂಬಂಧಿಕರ ಮನೆಯಲ್ಲಿ ಸಾವಾಯಿತೆಂದು ಕರೆ ಬಂತು, ಹೊರಟುಬಿಟ್ಟೆವು. ಹಿಂದಿರುಗಿ ಬಂದು ಪಾತ್ರೆಯ ಮೇಲಿನ ತಟ್ಟೆ ತೆಗೆದರೆ, ಕಪ್ಪು ಹುಳಿಯ ಅಂಚಿನ ಸುತ್ತ ನವಿಲುಗರಿಯ ಕಣ್ಣಿನಂಥ ಹಸಿರು. ನೋಡಲು ಚೆಂದವೇ ಇತ್ತು. ಮೂಗಿಗೆ ನಾಣ್ಯದ ವಾಸನೆ. ಚಮಚದಿಂದ ಅಂಚು ಕೆರೆದು ತೆಗೆದೆ. ಕೆರೆದಷ್ಟೂ ಹಸಿರು ಕೆಳಗೂ ಇಳಿದಿತ್ತು. ತಾಮ್ರದ ಕಿಲುಬು ಬೆರೆತ ಹುಳಿ ಹೊಟ್ಟೆಗೆ ವಿಷ, ಅದು ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಇಡೀ ಮಳೆಗಾಲದ ಹಣ್ಣು.

ಆಗ ಒಳಗಿನಿಂದ ಅತ್ತೆಯ ದನಿ ಬಂತು. “ಎಲ್ಲಿದ್ದೀ ಬಾಯೆ?”

ನಾನು ಉತ್ತರ ಕೊಡಲಿಲ್ಲ. ಪಾತ್ರೆಯನ್ನು ಎತ್ತಿಕೊಂಡು ಬಚ್ಚಲುಮನೆಯ ಹಂಡೆಯ ಪಕ್ಕ ಸೌದೆ ರಾಶಿಯ ಹಿಂದೆ ತಳ್ಳಿ, ಮೇಲೊಂದು ಗೋಣಿಚೀಲ ಹೊದಿಸಿದೆ. ಐವತ್ತು ದಾಟಿದ ಹೆಂಗಸು, ಎರಡು ಮಕ್ಕಳ ತಾಯಿ, ಭಾನುವಾರ ಬಲಿಪೂಜೆಯಲ್ಲಿ ವಾಚನ ಓದುವವಳು. ಸೌದೆಯ ಹಿಂದೆ ಪಾತ್ರೆ ಅಡಗಿಸಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ.

ಅಡಗಿಸಿದ್ದು ಎಷ್ಟು ಹೊತ್ತು ಅಡಗಿರುತ್ತದೆ? ಮರುದಿನ ಸ್ನಾನಕ್ಕೆ ಹೋದ ಅತ್ತೆಯ ಕಣ್ಣಿಗೆ ಬಿತ್ತು. ಗೋಣಿ ಸರಿಸಿ, ಪಾತ್ರೆಯನ್ನು ಅಂಗಳಕ್ಕೆ ಎಳೆದು ತಂದು, “ಇದು ಯಾರ ಕೆಲಸ?” ಎಂದರು. ಅಂಗಳದಲ್ಲಿ ನಾವು ಮೂವರು ಇದ್ದೆವು. ನಾನು ಬಾಯಿ ಬಿಟ್ಟಾಗ ಹೊರಬಂದ ಮಾತು ಇದು: “ನಾನು ಮಡಕೆ ಒಡೆಯಿತು ಎಂದೆ ಮಾಂಯ್, ಇವಳು ಇದನ್ನು ತಂದು ಕೊಟ್ಟಳು.”

ನೋಡಿ, ಇದರಲ್ಲಿ ಒಂದು ಸುಳ್ಳೂ ಇಲ್ಲ. ಮಡಕೆ ಒಡೆದದ್ದು ನಿಜ. ಅಟ್ಟದಿಂದ ನಾನು ಕೆಳಗೆ ಇಳಿಸಿದ ಪಾತ್ರೆಯನ್ನು ಒಲೆಯ ತನಕ ತಂದು ಕೊಟ್ಟವಳು ಅವಳೇ, ಅದೂ ನಿಜ. ಎರಡು ನಿಜಗಳನ್ನು ಅಕ್ಕಪಕ್ಕ ಕೂರಿಸಿ ನಾನು ಹಿಂದೆ ಸರಿದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ತೋಟದ ಲೈನಿನಲ್ಲಿ ಬದುಕುವವಳಿಗೆ ಮನೆಯೊಡತಿಯ ಮಾತಿಗೆ ಎದುರಾಡಿ ಬಾಳಲು ಆಗುವುದಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದುದರಿಂದಲೇ ಆ ಮಾತು ಅಷ್ಟು ಸಲೀಸಾಗಿ ಬಂತು.

ಅತ್ತೆ ಬೈಯಲಿಲ್ಲ. “ಇನ್ನು ಹುಳಿಯ ಪಾತ್ರೆ ನೀನು ಮುಟ್ಟಬೇಡ” ಎಂದಷ್ಟೇ ಅವಳಿಗೆ ಹೇಳಿದರು. ಪ್ರತಿ ವರ್ಷ ಕಾಚಂಪುಳಿ ಇಳಿಸಿದ ಮೇಲೆ ಅವಳ ಮನೆಗೆ ಒಂದು ಸಣ್ಣ ಬಾಟಲಿ ಕೊಡುವುದು ನಮ್ಮಲ್ಲಿ ವಾಡಿಕೆ. ಮುಂದಿನ ವಾರ ಉಳಿದ ಹಣ್ಣಿನಿಂದ ಎರಡು ಬಾಟಲಿಯಷ್ಟು ಇಳಿಯಿತು. ಅವಳಿಗೆ ಕೊಡಲಿಲ್ಲ.

ಆ ವಾರದಲ್ಲೇ, ಜುಲೈ 26ಕ್ಕೆ, ಸಂತ ಅನ್ನಮ್ಮನವರ ಸ್ಮರಣೆ. ಮೂರು ದಿನ ಬಿಟ್ಟರೆ 29ಕ್ಕೆ ಅಡುಗೆಮನೆಯವರ ಸಂತಳಾದ ಮಾರ್ತಾ. (2021ರಿಂದ ಅದೇ ದಿನಕ್ಕೆ ತಂಗಿ ಮರಿಯಳನ್ನೂ ತಮ್ಮ ಲಾಜರನನ್ನೂ ಸೇರಿಸಿದ್ದಾರೆ. ಪಾತ್ರೆ ತೊಳೆದವಳಿಗೆ ಒಂದು ದಿನವಾದರೂ ಪೂರ್ತಿಯಾಗಿ ಬಿಟ್ಟುಕೊಡಬಹುದಿತ್ತು ಎಂದು ನನ್ನ ತಕರಾರು.) ಪೂಜೆಯ ಆರಂಭದಲ್ಲಿ ಎಲ್ಲರೊಂದಿಗೆ ನಾನೂ ನನ್ನ ತಪ್ಪು ಎಂದು ಎದೆ ಬಡಿದುಕೊಂಡೆ. ಮನಸ್ಸಿನಿಂದ, ಮಾತಿನಿಂದ, ಮಾಡಿದ್ದರಿಂದ, ಮಾಡದೆ ಬಿಟ್ಟದ್ದರಿಂದ. ಬಾಲ್ಯದಿಂದ ಹೇಳಿ ಹೇಳಿ ಬಾಯಿಗೆ ಕೂತ ಸಾಲು. ಕೈ ತಾನಾಗಿ ಎದೆಗೆ ಹೋಯಿತು, ತಾನಾಗಿ ಕೆಳಗಿಳಿಯಿತು. ನನಗೆ ಏನೂ ಆಗಲಿಲ್ಲ.

ಆದದ್ದು ಆಗಸ್ಟಿನಲ್ಲಿ, ಬೈಬಲಿನ ಮುಂದೆ. ನಮ್ಮಲ್ಲಿ ಎರಡು ಬೈಬಲುಗಳಿವೆ. ಒಂದು ನಮ್ಮ ಸಭೆಯದು. ಇನ್ನೊಂದು ಮಾವನವರಿಗೆ ಅವರ ಪ್ರೊಟೆಸ್ಟೆಂಟ್ ಸ್ನೇಹಿತರು ಕೊಟ್ಟಿದ್ದ ಹಳೆಯ ಸತ್ಯವೇದ. ಕನ್ನಡ ಚೆನ್ನಾಗಿದೆ ಎಂಬ ಕಾರಣಕ್ಕೆ ನಾನು ಎರಡನೆಯದನ್ನೇ ಹೆಚ್ಚು ತೆರೆಯುತ್ತೇನೆ. ಮತ್ತಾಯ ಆರನೆಯ ಅಧ್ಯಾಯ, ಭೂಲೋಕದಲ್ಲಿ ಗಂಟು ಕಟ್ಟಿಡುವುದರ ಬಗ್ಗೆ. ಇಲ್ಲಿ ಇಟ್ಟದ್ದಕ್ಕೆ ನುಸಿ ಹಿಡಿಯುತ್ತದೆ, ಕಿಲುಬು ಹತ್ತುತ್ತದೆ ಎಂದು ಅಲ್ಲಿದೆ. ಕಿಲುಬು. ಆ ಪದವನ್ನು ಅದೆಷ್ಟು ಸಲ ಓದಿದ್ದೆನೋ. ಈ ಸಲ ಮೂಗಿಗೆ ನಾಣ್ಯದ ವಾಸನೆ ಹೊಡೆಯಿತು.

ಪುಟ ಹಿಂದಕ್ಕೆ ತಿರುವಿ ಆದಿಕಾಂಡಕ್ಕೆ ಹೋದೆ. ಮೂರನೆಯ ಅಧ್ಯಾಯ ಎಲ್ಲರಿಗೂ ಗೊತ್ತಿರುವುದೇ: ಹಣ್ಣು, ಹಾವು, ಅಂಜೂರದ ಎಲೆ. ಹಣ್ಣು ತಿಂದದ್ದಕ್ಕಿಂತ ಆಮೇಲಿನ ಅರ್ಧ ಗಂಟೆಯನ್ನು ನಾನು ಮೊದಲ ಸಲ ಗಮನವಿಟ್ಟು ಓದಿದೆ. ಅವರು ಮೊದಲು ಮಾಡಿದ್ದು ಮುಚ್ಚಿಕೊಳ್ಳುವುದು, ಎರಡನೆಯದು ಮರಗಳ ನಡುವೆ ಅಡಗುವುದು. ದೇವರು ತೋಟದಲ್ಲಿ ನಡೆದು ಬಂದು ಕೇಳುವ ಮೊದಲ ಪ್ರಶ್ನೆ ‘ಏನು ಮಾಡಿದೆ’ ಎಂದಲ್ಲ, ‘ಎಲ್ಲಿದ್ದೀ’ ಎಂದು. ಆಮೇಲೆ, ಬೇಡವೆಂದ ಮರದ ಹಣ್ಣು ತಿಂದೆಯಾ ಎಂದು ಕೇಳಿದಾಗ ಆದಾಮ ಕೊಟ್ಟ ಜವಾಬು ನೋಡಿ: ನೀನು ನನಗೆ ಕೊಟ್ಟ ಹೆಂಗಸು, ಅವಳು ಹಣ್ಣು ಕೊಟ್ಟಳು, ನಾನು ತಿಂದೆ. ಅದರಲ್ಲೂ ಒಂದು ಸುಳ್ಳಿಲ್ಲ! ಕೊಟ್ಟವನು ದೇವರೇ, ಕೈಗಿತ್ತವಳು ಅವಳೇ, ತಿಂದದ್ದು ತಾನೇ. ನಿಜಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಹಿಂದೆ ತಾನು ನಿಂತುಕೊಂಡಿದ್ದಾನೆ. ಸೌದೆ ರಾಶಿ, ಗೋಣಿಚೀಲ, ‘ಇವಳು ತಂದು ಕೊಟ್ಟಳು’. ನಾನು ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ.

ಕನ್ನಡದಲ್ಲಿ ‘ತಪ್ಪು’ ಎಂಬುದು ವಿಚಿತ್ರ ಪದ. ಬಸ್ಸು ತಪ್ಪುತ್ತದೆ, ದಾರಿ ತಪ್ಪುತ್ತದೆ, ಕೈ ತಪ್ಪುತ್ತದೆ, ಗುರಿ ತಪ್ಪುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಾಪಕ್ಕೆ ಬಳಸಿರುವ ಹಮಾರ್ತಿಯಾ ಎಂಬ ಪದದ ಮೂಲದಲ್ಲೂ ಅದೇ ಅರ್ಥವಿದೆ, ಗುರಿ ತಪ್ಪುವುದು. ಹಾಗಾಗಿ ಕಲಾಯಿ ಇಲ್ಲದ ಪಾತ್ರೆಗೆ ಹುಳಿ ಹಾಕಿದ್ದಕ್ಕೂ ತಪ್ಪು ಎನ್ನುತ್ತೇವೆ, ಅಂಗಳದಲ್ಲಿ ಆಡಿದ ಮಾತಿಗೂ ತಪ್ಪು ಎನ್ನುತ್ತೇವೆ. ಮೊದಲನೆಯದು ಅವಸರ, ಅದಕ್ಕೆ ನಷ್ಟವಾದದ್ದು ಹಣ್ಣು. ಅದಕ್ಕಾಗಿ ಪಾಪನಿವೇದನೆಯ ಸಾಲಿನಲ್ಲಿ ನಿಂತು ಗುರುಗಳ ಹೊತ್ತು ಹಾಳುಮಾಡುವ ಅಗತ್ಯವಿಲ್ಲ. ಎರಡನೆಯದು ನಡೆದದ್ದು ಮೊದಲನೆಯದನ್ನು ಮುಚ್ಚಲು. ನನ್ನ ಮಟ್ಟಿಗೆ ಮನೆಯ ತಪ್ಪುಗಳೆಲ್ಲ ಹೀಗೆಯೇ: ಕೈಯಿಂದ ಜಾರಿದ್ದು ದೊಡ್ಡದಲ್ಲ, ಜಾರಿದ ಮರುಗಳಿಗೆ ಕಣ್ಣು ಯಾರನ್ನು ಹುಡುಕುತ್ತದೆ ಎಂಬುದೇ ದೊಡ್ಡದು.

ಇದನ್ನು ಬರೆಯುವಾಗ ಜನವರಿಯ ವಿಷಯವನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಅದೇ ವರ್ಷದ ಜನವರಿಯಲ್ಲಿ, ಕೊಯ್ದ ರೋಬಸ್ಟಾ ಹಣ್ಣು ಕಣದಲ್ಲಿ ಹರಡಿ ಹತ್ತು ದಿನವಾಗಿತ್ತು. ಇನ್ನು ನಾಲ್ಕು ಬಿಸಿಲು ಸಾಕಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಾಳು ಗಲಗಲ ಎನ್ನುವ ಹಂತ. ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವುದು ನಮ್ಮವರ ಕೆಲಸ. ಅಂದು ಅವರು ಪೇಟೆಗೆ ಹೋದವರು ಯಾರದೋ ಜೊತೆ ಮಾತಿಗೆ ಕೂತು ತಡವಾಗಿ ಬಂದರು, ಜನವರಿಯಲ್ಲಿ ಮಳೆ ಎಲ್ಲಿ ಬರುತ್ತದೆ ಎಂದು ಹಾಗೆಯೇ ಮಲಗಿದರು. ರಾತ್ರಿ ಎರಡು ಗಂಟೆಗೆ ಹೆಂಚಿನ ಮೇಲೆ ಸದ್ದು. ಎದ್ದು ಟಾರ್ಚ್ ಹಿಡಿದು ಓಡುವ ಹೊತ್ತಿಗೆ ಕಣದಲ್ಲಿ ನೀರು ಹರಿಯುತ್ತಿತ್ತು. ಒಮ್ಮೆ ನೆನೆದು ಮತ್ತೆ ಒಣಗಿದ ಕಾಫಿಗೆ ಬೂಷ್ಟು ಹಿಡಿಯುತ್ತದೆ, ವ್ಯಾಪಾರಿ ಮುಷ್ಟಿಯಷ್ಟು ತೆಗೆದು ಮೂಸಿದರೆ ಸಾಕು, ದರ ಇಳಿಯುತ್ತದೆ. ಇಳಿಯಿತು.

ನಾನು ಅದನ್ನು ಎಷ್ಟು ದಿನ ಆಡಿದೆ ಎಂದರೆ, ಮಗಳು ಬೆಂಗಳೂರಿನಿಂದ ಫೋನ್ ಮಾಡಿದಾಗಲೂ, ನೆರೆಮನೆಯವರು ಬಂದಾಗಲೂ, ಕಾಫಿ ಲೋಟ ಅವರ ಮುಂದೆ ಇಡುವಾಗಲೂ. “ಟಾರ್ಪಾಲ್ ಮನೆಯಲ್ಲೇ ಇತ್ತು, ಮಡಿಚಿ ಇಟ್ಟ ಹಾಗೇ ಇತ್ತು” ಎಂಬ ವಾಕ್ಯ ನನ್ನ ಬಾಯಲ್ಲಿ ಜಪಸರದ ಮಣಿಯಂತೆ ಸುತ್ತುತ್ತಿತ್ತು. ಅವರು ಒಮ್ಮೆಯೂ ಬೇರೆಯವರ ಹೆಸರು ಹೇಳಲಿಲ್ಲ. ಮರುದಿನ ಬೆಳಿಗ್ಗೆಯೇ, “ನಾನು ಹೊದಿಸಬೇಕಿತ್ತು, ಹೊದಿಸಲಿಲ್ಲ” ಎಂದಿದ್ದರು. ಅಷ್ಟು ನೇರವಾಗಿ ಒಪ್ಪಿಕೊಂಡವರನ್ನು ಮತ್ತೆ ಮತ್ತೆ ಕುಟುಕುವುದು ಸುಲಭ, ಅವರು ತಪ್ಪಿಸಿಕೊಳ್ಳುವುದಿಲ್ಲವಲ್ಲ. ಜುಲೈಯಲ್ಲಿ ನನ್ನ ಪಾತ್ರೆ ಅಂಗಳಕ್ಕೆ ಬಂದಾಗ ಅವರು ಕಣದ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಮತ್ತಾಯ ಹದಿನೆಂಟರಲ್ಲಿ ಸಾಲಗಾರನ ಕಥೆ ಇದೆ. ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದವನು ಕಾಲಿಗೆ ಬಿದ್ದು ಎಲ್ಲವನ್ನೂ ಮನ್ನಾ ಮಾಡಿಸಿಕೊಳ್ಳುತ್ತಾನೆ. ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಈ ಮೊತ್ತಗಳು ಸಾಮಾನ್ಯವಾಗಿ ಕಿವಿಯ ಮೇಲೆ ಹಾದುಹೋಗುತ್ತವೆ. ತೋಟದ ಲೆಕ್ಕಕ್ಕೆ ತಂದುಕೊಂಡರೆ ಬಿಗಿಯಾಗುತ್ತದೆ. ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲಾಂತು 6000 ದಿನಾರಿ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ಆಳು! ಅದನ್ನು ಬಿಡಿಸಿಕೊಂಡವನು ಬಾಗಿಲಾಚೆ ನೂರು ಆಳಿನ ಬಾಕಿಗೆ ಜಗಳಕ್ಕೆ ನಿಂತಿದ್ದಾನೆ. ನೂರು ಆಳೂ ಸಣ್ಣ ಮೊತ್ತವಲ್ಲ, ಅದನ್ನೂ ಹೇಳಬೇಕು. ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನೆನೆದ ಕಾಫಿಯ ನಷ್ಟವೂ ನಿಜವಾದ ನಷ್ಟವೇ. ನಾವು ಪ್ರಭುವಿನ ಪ್ರಾರ್ಥನೆಯಲ್ಲಿ ‘ತಪ್ಪುಗಳನ್ನು ಕ್ಷಮಿಸಿ’ ಎನ್ನುವ ಜಾಗದಲ್ಲಿ ಮತ್ತಾಯನ ಗ್ರೀಕ್ ಮೂಲ ‘ಸಾಲ’ ಎನ್ನುತ್ತದೆ. ಸಾಲ ಎಂದಾಗ ಎದುರಿಗೆ ಕೊಡಬೇಕಾದವರ ಮುಖವೊಂದು ಬಂದು ನಿಲ್ಲುತ್ತದೆ. ನನ್ನ ಎದುರಿಗೆ ಬಂದ ಮುಖ ತಲೆ ತಗ್ಗಿಸಿಕೊಂಡಿತ್ತು.

ಆದರೂ ಡಿಸೆಂಬರಿನ ತನಕ ಎಳೆದೆ. ಅವಳು ದಿನವೂ ಬರುತ್ತಿದ್ದಳು. ಪಾತ್ರೆ ತೊಳೆದು, ಅಂಗಳ ಗುಡಿಸಿ, ಕಾಚಂಪುಳಿಯ ಕಪಾಟಿನ ಕಡೆಗೆ ಹೋಗದೆ ಸುತ್ತಿ ಬರುತ್ತಿದ್ದಳು. ಆ ಸುತ್ತು ನನ್ನ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು.

ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದ ಪಾಪನಿವೇದನೆಗೆ ಹೋದಾಗ ಎಲ್ಲವನ್ನೂ ಹೇಳಿದೆ. ಗುರುಗಳು ಅರೆಕ್ಷಣ ಸುಮ್ಮನಿದ್ದು, “ಆಕೆಗೆ ಹೇಳಿದಿರಾ?” ಎಂದು ಕೇಳಿದರು. ಇಲ್ಲ ಎಂದೆ. “ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಇದೆಯಲ್ಲ, ವಾಚನ ಓದುವವರು ನೀವು, ಇದೇ ದೇವಾಲಯದಲ್ಲಿ” ಎಂದರು. ಜಾಲರಿಯ ಆಚೆಗಿದ್ದರೂ ದನಿಯಿಂದಲೇ ನನ್ನನ್ನು ಗುರುತು ಹಿಡಿದಿದ್ದರು. ಸಣ್ಣ ಊರಿನಲ್ಲಿ ಪಾಪ ಮಾಡುವ ಕಷ್ಟ ಇದು.

ಅವಳಿಗೆ ಹೇಳಿದ್ದು ಹಿತ್ತಲಿನ ಕಲ್ಲಿನ ಬಳಿ, ಅವಳು ಬೂದಿ ಹಾಕಿ ತಪ್ಪಲೆ ಉಜ್ಜುತ್ತಿದ್ದಾಗ. ಸಿದ್ಧ ಮಾಡಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ. “ಆ ಹಿತ್ತಾಳೆ ಪಾತ್ರೆ, ನೀನು ಬೇಡ ಎಂದಿದ್ದೆ. ನಾನೇ ಹಾಕಿದ್ದು. ಅತ್ತೆಯ ಮುಂದೆ ನಿನ್ನ ಮೇಲೆ ಹಾಕಿದೆ” ಎಂದೆ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ತಪ್ಪಲೆ ತಿರುಗಿಸಿ ತಳಕ್ಕೆ ಇನ್ನಷ್ಟು ಬೂದಿ ಹಾಕಿ, “ನನ್ನ ಮುಂದೆ ಹೇಳಿ ಏನು ಅಕ್ಕಾ? ಅಮ್ಮನ ಮುಂದೆ ಹೇಳಿ” ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಬಾಕಿ ಎಷ್ಟಿದೆ ಎಂದು ತಿಳಿಸುವ ದನಿ ಅಷ್ಟೆ.

ಅಂದು ರಾತ್ರಿ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಗೊತ್ತಿತ್ತು.”

“ಹೇಗೆ?”

“ಆ ಪಾತ್ರೆ ಇದ್ದದ್ದು ಅಟ್ಟದ ಮೇಲೆ. ಅವಳು ಏಣಿ ಹತ್ತುವುದಿಲ್ಲ, ಹೆದರಿಕೆ. ಹದಿನೈದು ವರ್ಷದಿಂದ ನೋಡಿದ್ದೇನೆ.” ಸ್ವಲ್ಪ ಹೊತ್ತು ಬಿಟ್ಟು, “ನೀನಾಗಿ ಹೇಳುತ್ತೀಯೋ ಇಲ್ಲವೋ ಎಂದು ನೋಡುತ್ತಿದ್ದೆ” ಎಂದರು.

ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಎಲ್ಲ ತಿಳಿದೂ ‘ಎಲ್ಲಿದ್ದೀ’ ಎಂದು ಕೇಳಿದ ತೋಟದ ಒಡೆಯನಂತೆ ಅತ್ತೆ, ಮರದ ಮರೆಯಿಂದ ಹೊರಬಂದ ನಾನು. ಭಾನುವಾರದ ಪ್ರಬೋಧನೆಗೆ ಹೇಳಿಮಾಡಿಸಿದಂತಿತ್ತು. ಆದರೆ ನನಗೆ ಸಿಟ್ಟು ಬಂತು. “ಗೊತ್ತಿದ್ದರೆ ಅವಳಿಗೆ ಬಾಟಲಿ ಯಾಕೆ ಕೊಡಲಿಲ್ಲ ಮಾಂಯ್? ನನ್ನನ್ನು ಪರೀಕ್ಷೆ ಮಾಡುವುದಕ್ಕೆ ಅವಳು ಯಾಕೆ ಐದು ತಿಂಗಳು ತಲೆ ತಗ್ಗಿಸಬೇಕಿತ್ತು?”

ಕ್ಷಮೆ ಕೇಳಲು ಬಂದವಳು ಆಡುವ ಮಾತೇ ಅದು? ಆದರೂ ಆಡಿದೆ. ಅತ್ತೆ ಕಣ್ಣು ಬಿಟ್ಟರು. ಏನೂ ಹೇಳಲಿಲ್ಲ. ಕಾಲು ಹಿಂದಕ್ಕೆಳೆದುಕೊಂಡು, ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದರು. ದೀಪ ಆರಿಸಿದ ಮೇಲೂ ಬಹಳ ಹೊತ್ತು ಅವರ ಜಪಸರದ ಮಣಿಗಳ ಸದ್ದು ಕೇಳುತ್ತಿತ್ತು. ನಾನು ಸುವಾರ್ತೆಯ ಪಾತ್ರಗಳನ್ನು ಬಹಳ ಬೇಗ ಹಂಚಿಬಿಟ್ಟಿದ್ದೆ. ಆ ಅಂಗಳದಲ್ಲಿ ಅಂದು ದೇವರ ಜಾಗದಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಸುಮ್ಮನಿದ್ದ ಇಬ್ಬರು, ಇಬ್ಬರ ಮೌನಕ್ಕೂ ಬೆಲೆ ತೆತ್ತ ಒಬ್ಬಳು.

ಬೆಳಿಗ್ಗೆ ಎದ್ದಾಗ ಅತ್ತೆಯ ಹಾಸಿಗೆ ಖಾಲಿ. ಡಿಸೆಂಬರಿನ ಮಂಜು, ಅಂಗಳದ ಆಚೆಗಿನ ಸಿಲ್ವರ್ ಓಕ್ ಮರಗಳೂ ಕಾಣುತ್ತಿರಲಿಲ್ಲ. ಆ ಚಳಿಗೆ ಅವರು ಎಂಟು ಗಂಟೆಯ ಮೊದಲು ಬಾಗಿಲು ದಾಟಿದ್ದನ್ನು ನಾನು ಇತ್ತೀಚೆಗೆ ಕಂಡಿಲ್ಲ. ಕಪಾಟಿನ ಬಾಗಿಲು ತೆರೆದಿತ್ತು. ಹೊಸ ಬಾಟಲಿಗಳೆರಡೂ ಇದ್ದವು. ಹಿಂದಿನ ಸಾಲಿನಲ್ಲಿ ಮಾವ ಇದ್ದ ಕಾಲದಲ್ಲಿ ಇಳಿಸಿದ ಹಳೆಯ ಕಾಚಂಪುಳಿಯ ಬಾಟಲಿ ಇರಲಿಲ್ಲ. ನಮ್ಮ ಮಗಳ ಮದುವೆಯ ಅಡುಗೆಗೆ ಕೇಳಿದಾಗಲೂ ಅತ್ತೆ ಅದರಿಂದ ಎರಡು ಚಮಚ ಅಳೆದು ಕೊಟ್ಟಿದ್ದರು.

ಶಾಲು ಹೊದ್ದುಕೊಂಡು ಲೈನಿನ ಕಡೆ ಓಡಿದೆ. ಅವಳ ಮನೆಯ ಜಗಲಿಯ ಮೇಲೆ ಇಬ್ಬರೂ ಕೂತಿದ್ದರು. ಅತ್ತೆಯ ಕೈಯಲ್ಲಿ ಕರಿಕಾಫಿಯ ಲೋಟ. ಏನು ಮಾತಾಡಿದರೋ, ಮುಗಿದಿತ್ತು. ಕಾಫಿ ಕೊಯ್ಲಿಗೆ ಹೊರಡುವ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾ ಈ ಕಡೆಗೇ ನೋಡುತ್ತಿದ್ದರು. ಅವಳು ಬಾಟಲಿಯ ಬಿರಡೆ ತೆಗೆದು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸಿದಳು. ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚಿತು. ಅಂಗೈಯನ್ನು ಸೆರಗಿಗೆ ಒರೆಸಿ, ಬಿರಡೆ ಬಿಗಿದು, ನನ್ನ ಕಡೆ ತಿರುಗಿದಳು.

“ಆ ಪಾತ್ರೆಗೆ ಕಲಾಯಿ ಹಾಕಿಸಿದಿರಾ ಅಕ್ಕಾ?”

ಹಾಕಿಸಿರಲಿಲ್ಲ. ಅದು ಇನ್ನೂ ಸೌದೆಯ ಹಿಂದೆಯೇ ಇತ್ತು.